ದಿನಾ ಬರುವ ಮಳೆ

ಷೂ ಲೇಸು ಕಟ್ಟುತ್ತಿದ್ದವನನ್ನು ಅಡುಗೆಮನೆಯಿಂದಲೇ ಅತ್ತೆ ಕೇಳಿದರು, ಇವತ್ತಾದರೂ ಆ ಮಳೆ ದಾಟುತ್ತದೆಯೇ ಎಂದು. ಅವನು ತಲೆ ಎತ್ತಲಿಲ್ಲ. ಬಲಗಾಲಿನ ಗಂಟು ಸರಿಯಾಗಿಯೇ ಬಿದ್ದಿತ್ತು, ಅದನ್ನು ಬಿಚ್ಚಿ ಮತ್ತೆ ಕಟ್ಟಿದ. ಇನ್ನೂ ನಿಮ್ಮ ದ್ವೀಪದ ಪಡುವಣ ಕಡಲಲ್ಲೇ ಕೂತಿದೆ ಅತ್ತೆ, ದೋಣಿ ಬಿಡುತ್ತಿಲ್ಲವಂತೆ, ನೋಡೋಣ ಎಂದ. “ಸರಿ ಬಿಡಿ,” ಎಂದರು ಅತ್ತೆ. ನಲ್ಲಿ ತಿರುಗಿಸಿದ ಸದ್ದು ಬಂತು, ಪಾತ್ರೆಯೊಳಗೆ ನೀರು ಬಿದ್ದ ಸದ್ದು ಬಂತು. ಮೊದಲನೆಯ ಪದವನ್ನು ಸ್ವಲ್ಪ ಎಳೆದು, ಎರಡನೆಯದನ್ನು ಥಟ್ಟನೆ ಇಳಿಸಿ ಹೇಳುವ ಆ ರೀತಿ ಅವನ ಹೆಂಡತಿಯದು. ಹೆಂಡತಿ ತೀರಿಕೊಂಡು ಒಂದು ಮಳೆಗಾಲವೇ ಕಳೆದಿತ್ತು. ಧ್ವನಿ ಮಾತ್ರ ಅಡುಗೆಮನೆಯಲ್ಲಿ ಇನ್ನೂ ಪಾತ್ರೆ ತೊಳೆಯುತ್ತಿತ್ತು. ಅವನು ಬಾಗಿಲನ್ನು ಮೆಲ್ಲನೆ ಎಳೆದುಕೊಂಡು ಮೆಟ್ಟಿಲಿಳಿದ.

ಕಡಲಲ್ಲಿ ಯಾವ ಮಳೆಯೂ ಇರಲಿಲ್ಲ. ಅತ್ತೆಯ ದ್ವೀಪದ ಸುತ್ತ ನೀರು ಒರೆಸಿಟ್ಟ ನೆಲದ ಹಾಗೆ ಬಿದ್ದುಕೊಂಡಿತ್ತು, ದೋಣಿಗಳು ಹೋಗುತ್ತ ಬರುತ್ತ ಇದ್ದವು. ಇದು ಅವನಿಗಿಂತ ಚೆನ್ನಾಗಿ ಗೊತ್ತಿರುವವರು ಆ ಊರಲ್ಲಿ ಯಾರೂ ಇರಲಿಲ್ಲ, ಏಕೆಂದರೆ ಅದನ್ನು ತಿಳಿದುಕೊಳ್ಳುವುದಕ್ಕೇ ಅವನಿಗೆ ಸಂಬಳ. ಮಗಳನ್ನು ಕಳೆದುಕೊಂಡು, ಬಂದ ನೆಂಟರೆಲ್ಲ ಹೊರಟು ಮನೆ ಖಾಲಿಯಾದಾಗ ಅತ್ತೆ ತಾವೂ ಹೊರಡುತ್ತೇನೆ ಅಂದಿದ್ದರು. ಅವನ ಬಾಯಿಂದ ಮಾತು ತಾನಾಗಿ ಬಂದುಬಿಟ್ಟಿತ್ತು: ಈಗ ಬೇಡ ಅತ್ತೆ, ಮಳೆ ಬಂದು ನಿಂತಿದೆ, ದಾಟಲಿ. ಆಮೇಲೆ ಆ ಒಂದು ಸುಳ್ಳನ್ನು ದಿನವೂ ಸಾಕಬೇಕಾಯಿತು. ಒಂದು ದಿನ ಮಳೆ ಸ್ವಲ್ಪ ಮುಂದೆ ಸರಿದಿದೆ ಅನ್ನುವನು, ಮಾರನೆಯ ದಿನ ಹಿಂದೆ ಬಂತು ಅನ್ನುವನು, ಒಮ್ಮೊಮ್ಮೆ ಗಾಳಿಯ ವೇಗವನ್ನೂ ಸೇರಿಸುವನು. ಟಿವಿಯಲ್ಲಿ ಹವಾಮಾನ ಬರುವ ಹೊತ್ತಿಗೆ ಚಾನೆಲ್ ಬದಲಿಸುವುದು ಅವನ ಅಭ್ಯಾಸವಾಗಿಹೋಯಿತು. ತಾನೇ ಬರೆದುಕೊಟ್ಟ ಮುನ್ಸೂಚನೆಯನ್ನು ತನ್ನ ಮನೆಯಲ್ಲೇ ಕೇಳಿಸಗೊಡದ ಹವಾಮಾನ ಅಧಿಕಾರಿ ಬೇರೆಲ್ಲೂ ಇರಲಿಕ್ಕಿಲ್ಲ ಎಂದು ಅವನಿಗೇ ಒಮ್ಮೆ ನಗು ಬಂದಿತ್ತು.

ಕಾರಣ ಇಷ್ಟೇ. ಸಂಜೆ ಬಾಗಿಲು ತಳ್ಳಿದ ಕೂಡಲೇ ಒಳಗಿನಿಂದ “ಬಂದ್ರಾ?” ಎಂದು ಕೇಳಿಸುತ್ತಿತ್ತು. ಹೆಂಡತಿ ಕೇಳುತ್ತಿದ್ದದ್ದೂ ಅಷ್ಟೇ, ಅದೇ ಕೋಣೆಯಿಂದ, ಅದೇ ತಗ್ಗಿದ ದನಿಯಲ್ಲಿ. ಗಂಡನೆಂದು ಅವಳು, ಅಳಿಯನೆಂದು ಇವರು, ಇಬ್ಬರೂ ಅವನಿಗೆ ಬಹುವಚನ ಹಚ್ಚಿದವರೇ. ಮುಖ ಕಾಣಿಸುವವರೆಗೆ ಅವನು ಚಪ್ಪಲಿ ಬಿಡುವ ಜಾಗದಲ್ಲಿ ದೀಪ ಹಾಕದೆ ನಿಂತಿರುತ್ತಿದ್ದ. ಆ ಒಂದು ಗಳಿಗೆ ಮನೆಯಲ್ಲಿ ಯಾರೂ ಸತ್ತಿರುತ್ತಿರಲಿಲ್ಲ. ಆಮೇಲೆ ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು, ಕುಳ್ಳಗಿನ, ವಯಸ್ಸಾದ ಹೆಂಗಸು, ಒಂದು ಮೊಣಕಾಲು ಸ್ವಲ್ಪ ಎಳೆಯುತ್ತ. ಅವನಿಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಗುತ್ತಿತ್ತು, ನಾಚಿಕೆಯಾದದ್ದಕ್ಕೆ ಚಹಾ ಚೆನ್ನಾಗಿದೆ ಎಂದು ಎರಡೆರಡು ಸಲ ಹೇಳುತ್ತಿದ್ದ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಎದುರಿಗೆ ಕೂತ ಹೆಂಗಸಿನ ಮಡಿಲಲ್ಲಿ ಪುಟ್ಟ ಗಿಡದ ಕುಂಡ, ತಿರುವಿನಲ್ಲೆಲ್ಲ ಅವಳು ಅದರ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದಳು. ಅವನು ಕೆಲಸ ಮಾಡುವ ಹವಾಮಾನ ಕಚೇರಿಯಲ್ಲಿ ದೊಡ್ಡ ಮಳೆಗೆ ಮೆರವಣಿಗೆ ಎಂದು ಹೆಸರು. ಸರಕಾರಿ ಕಾಗದದಲ್ಲಿ ಬೇರೇನೋ ಉದ್ದನೆಯ ಹೆಸರಿದೆ, ಅದನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಪಡುವಣದ ಬೆಚ್ಚನೆಯ ಸಾಗರದಲ್ಲಿ ಸಾವಿರಾರು ಮೈಲಿ ಅಗಲಕ್ಕೆ ಮೋಡಗಳು ಗುಂಪುಗೂಡಿ ಮೂಡಣಕ್ಕೆ ಹೊರಡುತ್ತವೆ, ಸೈಕಲ್ ತುಳಿಯುವವನ ವೇಗದಲ್ಲಿ, ಯಾವ ಅವಸರವೂ ಇಲ್ಲದೆ. ದಾರಿಯಲ್ಲಿ ದ್ವೀಪಗಳು, ಸಣ್ಣವು, ದೊಡ್ಡವು, ಬೆಟ್ಟ ಹೊತ್ತವು. ಅಲ್ಲಿಗೆ ಬಂದ ಮೆರವಣಿಗೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲೇ ಚದುರಿಹೋಗುತ್ತವೆ. ಉಳಿದವು ಅನುಮಾನಿಸಿ, ತಡವರಿಸಿ, ಹೇಗೋ ಆಚೆಯ ಸಾಗರ ಸೇರುತ್ತವೆ. ಅಷ್ಟು ದೊಡ್ಡದನ್ನು ಇಷ್ಟು ಚಿಕ್ಕವು ಹೇಗೆ ತಡೆಯುತ್ತವೆ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುತ್ತಾರೆ. ಬೆಟ್ಟ ಅಡ್ಡ ಬರುವುದು ನಿಜ, ಆದರೆ ಬರೀ ಬೆಟ್ಟವಲ್ಲ. ಮೆರವಣಿಗೆ ಬರುವ ಮೊದಲು ಅದರ ಮುಂದಿನ ಆಕಾಶ ತಿಳಿಯಾಗುತ್ತದೆ. ಬೆಳಗಿನ ಬಿಸಿಲು ಚುರುಕಾಗಿ ಬೀಳುತ್ತದೆ, ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಕಾದ ನೆಲದ ಕಡೆಗೆ ಸುತ್ತಲಿನ ಹಸಿ ಗಾಳಿ ನುಗ್ಗುತ್ತದೆ, ಮಧ್ಯಾಹ್ನಕ್ಕೆ ದ್ವೀಪದ ಮೇಲೆ ಧೋ ಎಂದು ಸುರಿದು ಮುಗಿಯುತ್ತದೆ. ಮೆರವಣಿಗೆ ಬದುಕುವುದು ಕಡಲ ಮೇಲೆ ಸುರಿಯುವ ಮಳೆಯಿಂದ. ಬಂದು ನೋಡಿದರೆ ಕಡಲಿನ ಪಾಲನ್ನು ದ್ವೀಪಗಳು ಆಗಲೇ ಉಂಡು ಕೂತಿರುತ್ತವೆ. ಗಿಡ ಹಿಡಿದಿದ್ದ ಹೆಂಗಸು ಇಳಿಯಲು ಎದ್ದಳು, ಒಂದು ಎಲೆ ಅವನ ಮೊಣಕೈಗೆ ತಾಗಿ ಹೋಯಿತು.

ದ್ವೀಪಗಳೇ ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡುವುದು ಅವನ ಕೆಲಸದ ಒಂದು ಭಾಗವಾಗಿತ್ತು. ಕಂಪ್ಯೂಟರಿನೊಳಗಿನ ಭೂಮಿಯಲ್ಲಿ ನೆಲವಿದ್ದಲ್ಲಿ ಒಂದು, ನೀರಿದ್ದಲ್ಲಿ ಸೊನ್ನೆ. ಒಂದುಗಳನ್ನು ಸೊನ್ನೆ ಮಾಡುತ್ತ ಹೋದರೆ ಆಯಿತು, ದ್ವೀಪಗಳು ಒಂದೊಂದಾಗಿ ಕಡಲಾಗುತ್ತವೆ. ಮೊದಲ ಸಲ ಹಾಗೆ ಮಾಡಿ ಮೆರವಣಿಗೆಯನ್ನು ಓಡಿಸಿದಾಗ ಅದು ಎಲ್ಲೂ ತಡೆಯದೆ, ಹಿಂದೆ ಮುಂದೆ ನೋಡದೆ, ಸಲೀಸಾಗಿ ದಾಟಿಹೋಗಿತ್ತು. ಮುಖ್ಯಸ್ಥರು ಬೆನ್ನು ತಟ್ಟಿದ್ದರು. ಅವತ್ತು ಊಟಕ್ಕೆ ಕೂತಾಗ ಅವನು ಹೆಂಡತಿಗೆ ಹೇಳಿದ್ದ, ನಿಮ್ಮೂರನ್ನು ಇವತ್ತು ಅಳಿಸಿಹಾಕಿದೆ ಕಣೆ, ಒಂದು ಗುಂಡಿ ಒತ್ತಿದ್ದಷ್ಟೇ. ಅವಳು ಅನ್ನ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು, “ಅಮ್ಮ ಬಟ್ಟೆ ಎಲ್ಲಿ ಒಣಗಿಹಾಕ್ತಾಳೆ ಹಾಗಾದ್ರೆ?” ಎಂದಿದ್ದಳು. ಅವನು ನಕ್ಕ, ಅವಳೂ ನಕ್ಕಳು. ಆಮೇಲೆ ಅದು ಮನೆಯ ತಮಾಷೆಯಾಗಿ ಉಳಿಯಿತು. ತಡವಾಗಿ ಬಂದ ದಿನವೆಲ್ಲ ನಮ್ಮೂರನ್ನು ವಾಪಸ್ ಇಟ್ರಾ ಎಂದು ಕೇಳುವಳು. ಇಟ್ಟಿದ್ದೇನೆ ಕಣೆ, ಒಂದು ಕಲ್ಲೂ ಕಡಿಮೆಯಾಗಿಲ್ಲ ಅನ್ನುವನು. ಕೆಲವು ಸಲ ಇಡಲು ಮರೆತು ಬಂದಿರುತ್ತಿದ್ದ, ಅಂಥ ದಿನ ಸುಮ್ಮನೆ ಹೂಂ ಅನ್ನುತ್ತಿದ್ದ. ಇದನ್ನು ಯಾಕೆ ನೆನೆದೆ ಎಂದು ಬಸ್ಸಿಳಿಯುವಾಗ ಅವನಿಗೆ ಕಿರಿಕಿರಿಯಾಯಿತು, ಚಿಲ್ಲರೆಗೆ ಕಂಡಕ್ಟರನ ಮೇಲೆ ಸಣ್ಣದಾಗಿ ರೇಗಿದ.

ಪ್ರತಿ ಮೆರವಣಿಗೆಗೂ ಕಚೇರಿಯಲ್ಲಿ ಒಂದು ಅಡ್ಡಹೆಸರು ಇಡುವ ರೂಢಿ. ಹಠಮಾರಿ, ಕುಂಟ, ದೊಡ್ಡಮ್ಮ ಎಂದೆಲ್ಲ ಬೋರ್ಡಿನ ಮೇಲೆ ಬರೆದಿರುತ್ತಾರೆ. ಹೆಂಡತಿಯ ಕೊನೆಯ ತಿಂಗಳುಗಳಲ್ಲಿ ಬಂದದ್ದು ಬಾಡಿಗೆದಾರ. ದ್ವೀಪಗಳ ಬಾಗಿಲಿಗೆ ಬಂದು ಕೂತದ್ದು ಖಾಲಿ ಮಾಡಲೇ ಒಪ್ಪಲಿಲ್ಲ, ಅದಕ್ಕೆ ಆ ಹೆಸರು. ಅವಳ ಕಾಯಿಲೆಗೆ ಹೆಸರಿಟ್ಟ ಡಾಕ್ಟರು, ಪ್ರಯಾಣ ಮಾಡುವುದಿದ್ದರೆ ಈಗಲೇ ಮಾಡಿ, ಆಮೇಲೆ ಆಗಲಿಕ್ಕಿಲ್ಲ ಎಂದಿದ್ದರು. ಒಂದು ಸಲ ಅಮ್ಮನ ಮನೆಗೆ ಹೋಗಿಬರುತ್ತೇನೆ ಎಂದಳು ಅವಳು, ಬೇರೇನೂ ಕೇಳಲಿಲ್ಲ. ಅವನು ಉಪಗ್ರಹದ ಚಿತ್ರಗಳನ್ನು ನೋಡಿದ. ದಾಟಬೇಕಾದ ಕಡಲಿನಲ್ಲೇ ಬಾಡಿಗೆದಾರ ಕೂತಿದ್ದ. ಅಲೆ ಎಷ್ಟಿತ್ತೆಂದರೆ ಗಟ್ಟಿಮುಟ್ಟಾದವರೇ ದೋಣಿಯಲ್ಲಿ ಕರುಳು ಕಕ್ಕಿಕೊಳ್ಳುತ್ತಿದ್ದರು, ಅವಳನ್ನು ಅದರಲ್ಲಿ ಹತ್ತಿಸುವುದು ಹೇಗೆ? ಈಗ ಬೇಡ, ಮಳೆ ಬಂದು ನಿಂತಿದೆ, ದಾಟಲಿ ಎಂದ. ಸರಿ ಬಿಡಿ ಎಂದಳು. ದಿನವೂ ಕಚೇರಿಯಿಂದ ಬಂದು ಅದನ್ನೇ ಹೇಳಿದ, ದಿನವೂ ಅವಳು ಅದನ್ನೇ ಹೇಳಿದಳು. ಕಚೇರಿಯಲ್ಲಿ ಯಾರೋ ಬಾಡಿಗೆದಾರನಿಗೆ ನೋಟೀಸು ಕೊಡಿ ಎಂದಾಗ ಎಲ್ಲರ ಜೊತೆ ಅವನೂ ನಕ್ಕಿದ್ದ. ಕೊನೆಗೊಂದು ದಿನ ಮೋಡ ಚದುರಿತು, ಕಡಲು ತಣ್ಣಗಾಯಿತು. ಅಷ್ಟು ಹೊತ್ತಿಗೆ ಅವಳಿಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಹೇಳಿಕಳಿಸಿ, ಅತ್ತೆ ಹೊರಟು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದು ನಿಜವಾಗಿತ್ತು. ಕಚೇರಿಯ ಮೆಟ್ಟಿಲು ಹತ್ತುತ್ತ ಅವನು ಇದನ್ನು ತನಗೆ ತಾನೇ ಹೇಳಿಕೊಂಡ, ಈಚೆಗೆ ದಿನವೂ ಹೇಳಿಕೊಳ್ಳುತ್ತಿದ್ದ. ಆಗ ಹೇಳಿದ್ದು ನಿಜ, ಈಗ ಹೇಳುತ್ತಿರುವುದು ಸುಳ್ಳು. ಆದರೆ ಬಾಯಿ ಒಂದೇ, ಮಾತೂ ಅದೇ, ಒಂದಕ್ಷರ ಬದಲಿಸಿರಲಿಲ್ಲ. ಅತ್ತೆಗೆ ಸುಳ್ಳು ಹೇಳತೊಡಗಿದ ಮೇಲೆ ಆ ಹಳೆಯ ನಿಜಕ್ಕೂ ವಾಸನೆ ಹತ್ತಿಕೊಂಡಿತ್ತು. ಆಗ ಚಿತ್ರಗಳನ್ನು ನೋಡುವಾಗ ಮಳೆ ನಿಂತಿದೆ ಎಂದು ಒಳಗೊಳಗೆ ಸಮಾಧಾನವಾಗಿರಲಿಲ್ಲವೇ? ಅವಳು ಹೋಗುವುದು ಬೇಡ, ಇಲ್ಲೇ ಕಣ್ಣೆದುರಿಗೆ ಇರಲಿ ಎಂದು ಅನ್ನಿಸಿರಲಿಲ್ಲವೇ? ಅನ್ನಿಸಿತ್ತು. ಅನ್ನಿಸಿದರೆ ಏನಾಯಿತು, ಮಳೆ ಅವನಿಗೆ ಅನ್ನಿಸಿದ್ದಕ್ಕೆ ನಿಂತದ್ದಲ್ಲವಲ್ಲ. ಮೂರನೆಯ ಮಹಡಿಗೆ ಬಂದಾಗ ಏದುಸಿರು ಬರುತ್ತಿತ್ತು, ಕೈವಸ್ತ್ರ ಮನೆಯಲ್ಲೇ ಉಳಿದಿತ್ತು.

ಹನ್ನೊಂದಕ್ಕೆ ಸಭೆ. ಬೋರ್ಡಿನ ಮೇಲೆ ಹೊಸ ಮೆರವಣಿಗೆಯ ಹೆಸರು ಅಂಚೆಯವನು. ಪಡುವಣದಿಂದ ಹೊರಟಾಗಿನಿಂದ ಅದು ಹೇಳಿದ ದಿನಕ್ಕೆ ಹೇಳಿದ ಜಾಗದಲ್ಲಿರುತ್ತಿತ್ತು. ಇನ್ನೇನು ದ್ವೀಪಗಳನ್ನು ಮುಟ್ಟಲಿತ್ತು. ದಾಟುತ್ತದೋ ಇಲ್ಲವೋ ಹೇಳಿ ಎಂದು ಮುಖ್ಯಸ್ಥರು ಅವನ ಕಡೆ ತಿರುಗಿದರು. ಅವನು ಎದ್ದು ನಿಂತು ದಾಟುವುದಿಲ್ಲ ಎಂದ. ಬೆಳಗಿನ ಬಿಸಿಲು ಬಲವಾಗಿದೆ, ಮಧ್ಯಾಹ್ನದ ಮಳೆಯೆಲ್ಲ ನೆಲದ ಮೇಲೆ ಬೀಳುತ್ತದೆ, ಬೆಟ್ಟದ ಈಚೆಗೇ ನಿಲ್ಲುತ್ತದೆ, ಬಹಳ ದಿನ ನಿಲ್ಲುತ್ತದೆ ಎಂದ. ಹೇಳುತ್ತ ಹೇಳುತ್ತ ಅವನ ದನಿ ಬೇಕಾದದ್ದಕ್ಕಿಂತ ಏರಿತು. ಅವನ ಪಕ್ಕದ ಮೇಜಿನವರು, ಎಲ್ಲರೂ ಕನ್ನಡಕ ಎಂದೇ ಕರೆಯುವ ಹೆಂಗಸು, ಮೆಲ್ಲಗೆ ಒಂದು ಚಿತ್ರವನ್ನು ಪರದೆಗೆ ಹಾಕಿದರು. ಅತ್ತೆಯ ದ್ವೀಪದಿಂದ ದೂರ, ಉಳಿದ ದ್ವೀಪಗಳ ನಡುವಿನ ಕಡಲಿನ ಮೇಲೆ ಎರಡು ರಾತ್ರಿಯಿಂದ ಮಳೆ ದಟ್ಟವಾಗಿ ಸುರಿಯುತ್ತಿತ್ತು, ನೆಲಕ್ಕಿಂತ ಜೋರಾಗಿ. ಕಡಲಿನ ಮೇಲೆ ಹೀಗೆ ಸುರಿದರೆ ದಾಟುತ್ತದೆ ಎಂದು ಅವರಿಗೆ ಕಲಿಸಿಕೊಟ್ಟವನು ಅವನೇ. ಅವನು ಆ ಚಿತ್ರವನ್ನು ನಿನ್ನೆಯೇ ನೋಡಿದ್ದ, ನೋಡಿ ಪಕ್ಕಕ್ಕೆ ಸರಿಸಿದ್ದ. ಆದರೂ ನಿಲ್ಲುತ್ತದೆ ಎಂದ. ಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕುತ್ತ, “ನಿಲ್ಲುತ್ತೋ ಇಲ್ವೋ ಗೊತ್ತಿಲ್ಲ, ನಿಮಗಂತೂ ಅದು ನಿಲ್ಲಬೇಕು,” ಎಂದರು. ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ದಿನವೂ ನಗುವಂಥದೇ. ಕನ್ನಡಕ ಒಬ್ಬರೇ ನಗದೆ ತಮ್ಮ ಕಾಗದ ನೋಡಿಕೊಂಡರು, ಅವನಿಗೆ ಅದೇ ಹೆಚ್ಚು ಚುಚ್ಚಿತು.

ಊಟದ ಹೊತ್ತಿನಲ್ಲಿ ಅವನು ಕೈತೊಳೆಯುವ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತಿದ್ದ. ಕಾಲರಿನ ಒಳಗೆ ಒಂದು ಹೊಲಿಗೆ ಬಿಟ್ಟಿತ್ತು, ಹೆಂಡತಿ ಇದ್ದಿದ್ದರೆ ಇದು ಅವನ ಕಣ್ಣಿಗೆ ಬೀಳುವ ಮೊದಲೇ ಹೊಲಿದಾಗಿರುತ್ತಿತ್ತು. ಅತ್ತೆಯನ್ನು ಕಳಿಸಬೇಕು. ಎದುರಿನ ಮುಖಕ್ಕೆ ಅವನು ಇದನ್ನು ಬಾಯಿಬಿಟ್ಟು ಹೇಳಿದ. ಇಷ್ಟು ದಿನ ಮನೆಯಲ್ಲಿ ಮಾತ್ರ ಸುಳ್ಳು ಹೇಳುತ್ತಿದ್ದೆ, ಈಗ ಕಚೇರಿಗೂ ತಂದೆ, ನಾಳೆ ಕಡಲಲ್ಲಿರುವವರು ನನ್ನ ಮಾತು ಕೇಳಿ ಎಲ್ಲಿಗೆ ಹೋಗಬೇಕು? ಮಗಳನ್ನು ಕಳೆದುಕೊಂಡ ಹೆಂಗಸನ್ನು ಅವಳ ಮನೆಗೆ ಹೋಗದಂತೆ ಹಿಡಿದಿಟ್ಟದ್ದು ಒಂದು ಪದಕ್ಕಾಗಿ, ಬಾಗಿಲು ತಳ್ಳಿದಾಗ ಕೇಳಿಸುವ ಒಂದೇ ಒಂದು ಪದಕ್ಕಾಗಿ. ಇವತ್ತೇ ಹೇಳಿಬಿಡುತ್ತೇನೆ, ಮಳೆ ದಾಟಿತು ಅತ್ತೆ, ನಾಳೆ ಹೊರಡಬಹುದು. ಅದೂ ಸುಳ್ಳೇ, ಇಲ್ಲದ ಮಳೆ ದಾಟುವುದೆಂತು? ಆದರೆ ಅದು ಕೊನೆಯ ಸುಳ್ಳು. ಮಧ್ಯಾಹ್ನ ಹೋಗಿ ಕನ್ನಡಕದವರ ಮೇಜಿನ ಮುಂದೆ ನಿಂತು, ನೀವು ಹೇಳಿದ್ದೇ ಸರಿ, ದಾಟುತ್ತದೆ ಎಂದು ವರದಿ ಬದಲಿಸಿ ಎಂದ. ಅವರು ಹೂಂ ಎಂದು, ಮನೆಯಲ್ಲಿ ಎಲ್ಲ ಹೇಗಿದ್ದಾರೆ ಎಂದು ಕೇಳಿದರು. ಎಲ್ಲ ಅಂದರೆ ಯಾರು ಎಂದು ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ.

ಸಂಜೆ ಬಾಗಿಲು ತಳ್ಳಿದಾಗ “ಬಂದ್ರಾ?” ಎಂದು ಕೇಳಿಸಿತು. ಅವನು ದೀಪ ಹಾಕಲಿಲ್ಲ. ಕೊನೆಯ ಸಲ ಎಂದುಕೊಂಡು ಚಪ್ಪಲಿಗಳ ನಡುವೆ ಕಣ್ಣು ಮುಚ್ಚಿ ನಿಂತ. ಹೂಂ, ಬಂದೆ ಎಂದ, ಹೆಂಡತಿಗೆ ಹೇಳುವ ದನಿಯಲ್ಲಿ. ಒಳಗೆ ಏನೋ ಸರಿದಾಡಿದ ಸದ್ದು, ಬಳೆಯ ಸದ್ದು. ನಮ್ಮೂರನ್ನು ವಾಪಸ್ ಇಟ್ರಾ ಎಂದು ಈಗ ಕೇಳುತ್ತಾಳೆ ಎಂದು ಅವನ ಮೈಯೆಲ್ಲ ಕಿವಿಯಾಯಿತು. ಯಾರೂ ಕೇಳಲಿಲ್ಲ. ನಡುಮನೆಯ ಬೆಳಕಿಗೆ ಬಂದರೆ ಮಂಚದ ಮೇಲೆ ಅತ್ತೆಯ ಚೀಲ ಬಾಯಿ ತೆರೆದುಕೊಂಡಿತ್ತು, ಪಕ್ಕದಲ್ಲಿ ಮಡಿಸಿಟ್ಟ ಸೀರೆಗಳು, ಔಷಧದ ಡಬ್ಬಿ, ಮಗಳದೊಂದು ಸ್ವೆಟರ್. ನಾಳೆ ಬೆಳಿಗ್ಗೆ ಹೊರಡುತ್ತೇನೆ ಎಂದರು ಅತ್ತೆ. ಇವತ್ತು ಮಳೆ ದಾಟಿತು ಅತ್ತೆ, ಅದನ್ನೇ ಹೇಳೋಣ ಎಂದು ಬಂದೆ ಎಂದು ಅವನು ಶುರುಮಾಡಿದ. ಅತ್ತೆ ಸೀರೆಯ ಅಂಚನ್ನು ಅಂಚಿಗೆ ಸೇರಿಸುತ್ತ, ಅದಿರಲಿ ಎಂದರು. ಊರಲ್ಲಿ ಅವರ ಪಕ್ಕದ ಮನೆಯವಳ ಮಗಳು ಹೋದ ವಾರ ದೋಣಿಯಲ್ಲಿ ಬಂದು ಹೋಗಿದ್ದಳಂತೆ, ಅದರ ಹಿಂದಿನ ವಾರವೂ. ಮಡಿಲಲ್ಲಿ ಮಗು ಮಲಗಿದ್ದು ಏಳಲೇ ಇಲ್ಲವಂತೆ, ಕಡಲು ಅಷ್ಟು ತಣ್ಣಗಿತ್ತಂತೆ.

ಅವನು ಕುರ್ಚಿಯ ಮೇಲೆ ಕೂತ. ಕಿವಿ ಬಿಸಿಯಾಗಿ ತಲೆ ತಗ್ಗಿತು, ಬೆಳಿಗ್ಗೆ ಕಟ್ಟಿದ ಗಂಟುಗಳು ಕಣ್ಣಿಗೆ ಬಿದ್ದವು, ಷೂ ಬಿಡುವುದನ್ನೇ ಮರೆತು ಒಳಗೆ ಬಂದಿದ್ದ. ಗೊತ್ತಿದ್ದೂ ಯಾಕೆ ಇದ್ದಿರಿ ಎಂದು ಕೇಳಿದ.

“ನಿಮಗೆ ಇನ್ನೊಂದಿಷ್ಟು ದಿನ ಬೇಕು ಅನ್ನಿಸ್ತು. ನೀವು ಬಾಗಿಲ ಹತ್ರ ಕತ್ತಲಲ್ಲಿ ನಿಂತ್ಕೋತೀರಲ್ಲ, ನನಗೆ ಗೊತ್ತಾಗಲ್ವಾ? ಅದಕ್ಕೇ ನಾನು ಬೇಗ ಹೊರಗೆ ಬರ್ತಿರಲಿಲ್ಲ.”

ಅವರು ಇದನ್ನು ದೊಡ್ಡದು ಮಾಡದೆ ಹೇಳಿದರು, ಸಾರಿಗೆ ಉಪ್ಪು ಹಾಕಿದ್ದೇನೆ ಎನ್ನುವ ಹಾಗೆ. ಇಷ್ಟು ದಿನ ತಾನು ಅವರನ್ನು ಹಿಡಿದಿಟ್ಟಿದ್ದೇನೆ ಎಂದುಕೊಂಡಿದ್ದ, ಅವರೇ ಒಲೆಯ ಪಕ್ಕ ಉಸಿರು ಬಿಗಿಹಿಡಿದು ಮಗಳಾಗಿ ನಿಂತಿರುತ್ತಿದ್ದರು. ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅತ್ತೆ ಸ್ವೆಟರನ್ನು ಚೀಲದ ತಳಕ್ಕೆ ಇಡುತ್ತ, ಅವಳೂ ಹೀಗೇ ಅಂದಿದ್ದಳು ಎಂದರು.

ಏನಂದಿದ್ದಳು ಎಂದು ಅವನು ಕೇಳಿದ.

“ಅಮ್ಮಾ, ಇವರಿಗೆ ನನ್ನನ್ನ ಕಳಿಸೋಕೆ ಮನಸ್ಸಿಲ್ಲ, ಅದಕ್ಕೇ ಮಳೆ ಅಂತ ಕತೆ ಹೇಳ್ತಾರೆ, ಹೇಳ್ಕೊಳ್ಲಿ ಬಿಡು, ಅಂದ್ಲು. ನಾನು ದಿನಾ ಫೋನಲ್ಲಿ ಹೇಳ್ತಿದ್ನಲ್ಲ, ಇಲ್ಲಿ ಒಳ್ಳೆ ಬಿಸಿಲು, ಬಟ್ಟೆ ಹಾಕಿದ ಹಾಗೇ ಒಣಗ್ತಾವೆ ಅಂತ.”

ನಡುಮನೆಯ ದೀಪದ ಸುತ್ತ ಒಂದು ಹುಳು ತಿರುಗುತ್ತಿತ್ತು. ಅದು ನಿಜ ಅತ್ತೆ ಎಂದ ಅವನು, ಆಗ ಮಳೆ ನಿಜವಾಗಿಯೂ ನಿಂತಿತ್ತು, ಈಗ ಹೇಳಿದ್ದು ಸುಳ್ಳು, ಆಗ ಹೇಳಿದ್ದು ನಿಜ. ಅತ್ತೆ ಕೈ ನಿಲ್ಲಿಸಿ ಅವನನ್ನು ನೋಡಿದರು. ಅವನು ಅವಸರವಸರವಾಗಿ ಹೇಳತೊಡಗಿದ: ನಿಮ್ಮ ಊರು ಬೆಟ್ಟದ ಆಚೆ ಬದಿಗಿದೆ, ಮಳೆ ನಿಂತದ್ದು ಈಚೆ ಬದಿಯ ಕಡಲಲ್ಲಿ, ನಿಮಗೆ ಕಾಣುವುದೇ ಇಲ್ಲ. ನಿಮ್ಮಲ್ಲಿ ಬೆಳಿಗ್ಗೆ ಬಿಸಿಲಿತ್ತಲ್ಲ, ಆ ಬಿಸಿಲೇ ಅತ್ತೆ ಅದನ್ನು ತಡೆದದ್ದು, ನೆಲ ಕಾದು ಕಡಲಿನ ಪಸೆಯನ್ನೆಲ್ಲ ಎಳೆದುಕೊಳ್ಳುತ್ತದೆ, ಮಧ್ಯಾಹ್ನ ನಿಮ್ಮಲ್ಲಿ ಸುರಿದಿರಲೇಬೇಕು. ಇಲ್ಲ, ಮಳೆ ಇರಲಿಲ್ಲ ಎಂದರು ಅತ್ತೆ. ಸುರಿದಿರಲೇಬೇಕು ಅತ್ತೆ. ಇರಲಿಲ್ಲ ಎಂದು ಅವರು ಮತ್ತೆ ಹೇಳಿದರು, ನನ್ನ ಮನೆ, ನನ್ನ ಅಂಗಳ, ನನಗೆ ಗೊತ್ತಿಲ್ಲವೇ ಎಂದರು. ಅವನು ಬಾಯಿ ತೆರೆದ. ತನ್ನ ಮಾತುಗಳು ಅವನಿಗೇ ಕೇಳಿಸಿದವು. ಬಿಸಿಲಿತ್ತು, ಆದ್ದರಿಂದಲೇ ಮಳೆಯಿತ್ತು. ಸಿಕ್ಕಿಬಿದ್ದ ಸುಳ್ಳುಗಾರ ಇದಕ್ಕಿಂತ ಬೇರೆ ಏನು ಹೇಳಿಯಾನು?

“ಸರಿ ಬಿಡಿ,” ಎಂದರು ಅತ್ತೆ.

ಮೊದಲನೆಯದು ಸ್ವಲ್ಪ ಎಳೆದು, ಎರಡನೆಯದು ಥಟ್ಟನೆ ಇಳಿಸಿ. ಸಿಟ್ಟಿರಲಿಲ್ಲ ಅದರಲ್ಲಿ. ಕನಿಕರವಿತ್ತು, ಮಗು ಕದ್ದು ತಿಂದದ್ದನ್ನು ನೋಡಿಯೂ ನೋಡದಂತೆ ಇರುವವರ ಕನಿಕರ. ಆ ಎರಡು ಪದಗಳ ಅರ್ಥ ಅವನಿಗೆ ಆಗ ತಿಳಿಯಿತು. ಅವಳು ದಿನವೂ ಹೀಗೇ ಅಂದಿದ್ದಳು, ದಿಂಬಿಗೆ ಒರಗಿ, ಅವನ ಮುಖ ನೋಡುತ್ತ. ನಂಬಿದ್ದಾಳೆ ಎಂದುಕೊಂಡು ಅವನು ಹೊದಿಕೆ ಸರಿಮಾಡುತ್ತಿದ್ದ. ಅವಳು ನಂಬಿರಲಿಲ್ಲ. ಗಂಡ ತನ್ನನ್ನು ಅಮ್ಮನ ಮನೆಗೆ ಕಳಿಸಲಾರದೆ ಸುಳ್ಳು ಹೇಳುತ್ತಿದ್ದಾನೆ ಎಂದು ತಿಳಿದು, ಹೇಳಿಕೊಳ್ಳಲಿ ಎಂದು, ಕ್ಷಮಿಸಿ, ಸತ್ತಿದ್ದಳು. ಮಾಡದ ತಪ್ಪಿಗೆ ಸಿಕ್ಕಿದ ಕ್ಷಮೆ ಅದು, ವಾಪಸ್ ಕೊಡುವುದು ಯಾರಿಗೆ? ಅತ್ತೆ ಚೀಲದ ಜಿಪ್ ಎಳೆದು, ಊಟಕ್ಕೆ ಏಳಿ ಎಂದರು. ಎದ್ದು ಷೂ ಬಿಟ್ಟು ಬಂದು ಕೂತ. ಅವರು ಬಡಿಸಿದ್ದನ್ನೆಲ್ಲ ತಿಂದ, ಏನು ತಿಂದೆ ಎಂದು ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ.

ಬೆಳಿಗ್ಗೆ ಅವರನ್ನು ಬಂದರಿಗೆ ಹೋಗುವ ಬಸ್ಸು ಹತ್ತಿಸಿದ. ಅಂಚೆಯವನು ಬರುವ ಮೊದಲು ದಾಟಿಬಿಡುತ್ತೀರಿ, ಹೆದರಬೇಡಿ ಎಂದ. ಅತ್ತೆ ಕಿಟಕಿಯಿಂದ ಕೈ ಹೊರಗೆ ಹಾಕಿ ಅವನ ಕಾಲರನ್ನು ಮುಟ್ಟಿ, ಈ ಹೊಲಿಗೆ ಬಿಟ್ಟಿದೆ, ನೋಡಲೇ ಇಲ್ಲ ನಾನು ಎಂದರು. ಸಂಜೆ ಬಾಗಿಲು ತಳ್ಳಿದರೆ ಒಳಗೆ ಫ್ರಿಜ್ಜಿನ ಸದ್ದು ಮಾತ್ರ ಇತ್ತು. ಅವನು ಅಭ್ಯಾಸದಂತೆ ಕತ್ತಲಲ್ಲಿ ನಿಂತ, ನಿಂತು ಕಾಲು ನೋಯತೊಡಗಿದ ಮೇಲೆ ದೀಪ ಹಾಕಿದ. ಅತ್ತೆಗೆ ನನ್ನ ಮಾತು ನಿಜವೆಂದು ಗೊತ್ತಾದರೆ ಸಾಕು. ಸತ್ತವಳಿಗೆ ಹೇಳಲಾಗದಿದ್ದರೂ ಅವಳ ಧ್ವನಿಯಿರುವ ಒಬ್ಬರಾದರೂ, ಹೌದು, ನೀವು ಸುಳ್ಳು ಹೇಳಿರಲಿಲ್ಲ ಎಂದು ಒಂದು ಸಲ ಅಂದರೆ ಸಾಕು. ಅವರು ಮನೆ ತಲುಪಿದ ಸುದ್ದಿ ಬಂತು, ಮಾರನೆಯ ಬೆಳಿಗ್ಗೆ ಫೋನ್ ಕೂಡ ಬಂತು. ಚೆನ್ನಾಗಿ ಬಿಸಿಲು ಬಿದ್ದಿದೆ, ಬೀಗ ಹಾಕಿದ ಮನೆಯ ಹಾಸಿಗೆಯೆಲ್ಲ ಅಂಗಳಕ್ಕೆ ಹಾಕಿದ್ದೇನೆ ಎಂದರು. ಅವನು ಹೂಂ ಎಂದ. ಕಚೇರಿಗೆ ಹೋಗಿ ಗಡಿಯಾರ ನೋಡುತ್ತ ಕೂತ.

ಮಧ್ಯಾಹ್ನ ಕಾರಿಡಾರಿಗೆ ಬಂದು, ನೀರಿನ ಡ್ರಮ್ಮಿನ ಪಕ್ಕ ನಿಂತು ಅವನೇ ಫೋನ್ ಮಾಡಿದ. ಬಹಳ ಹೊತ್ತು ಬಾರಿಸಿದ ಮೇಲೆ ಅತ್ತೆ ಎತ್ತಿದರು. ಅವರ ಮಾತಿಗಿಂತ ಮೊದಲು ಅವನಿಗೆ ಕೇಳಿಸಿದ್ದು ತಗಡಿನ ಮಾಡಿನ ಮೇಲೆ ಬೀಳುತ್ತಿದ್ದ ಮಳೆ. ಸಣ್ಣ ಮಳೆಯಲ್ಲ, ಒಬ್ಬರ ಮಾತು ಒಬ್ಬರಿಗೆ ಕೇಳಿಸದಂಥದು. ಏನಂದಿರಿ, ಕೇಳಿಸುತ್ತಿಲ್ಲ ಎಂದು ಅತ್ತೆ ಕೂಗುತ್ತಿದ್ದರು. ಅವನಿಗೆ ಖುಷಿಯಾಯಿತು, ಅಂಥ ಖುಷಿ ಆಗಿ ಎಷ್ಟು ದಿನವಾಗಿತ್ತೋ.

“ಮಳೆ ಬರ್ತಿದೆಯಲ್ಲ ಅತ್ತೆ?”

“ಮಳೆಯಾ? ಇಲ್ವಲ್ಲ. ಓ, ಇದಾ? ಇದು ದಿನಾ ಬರೋದು. ಹಾಸಿಗೆಯೆಲ್ಲ ಆಗಲೇ ಒಳಗೆ ತಂದೆ. ಇದನ್ನ ಯಾರು ಮಳೆ ಅಂತಾರೆ?”

ಆಗಲೂ ಬರುತ್ತಿತ್ತೇ ಎಂದು ಅವನು ಕೇಳಿದ. ಯಾವಾಗ ಎಂದರು. ಅವಳು ಕಾಯುತ್ತಿದ್ದಾಗ ಎಂದ. ತಗಡಿನ ಮೇಲೆ ಮಳೆ ಸುರಿಯುತ್ತಲೇ ಇತ್ತು, ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು ಆ ಒಂದು ಹೌದಿಗಾಗಿ ಕಾದ. ಅವರು ಬಾಯಿ ತೆರೆದಾಗ ದನಿ ಎಷ್ಟು ಸಣ್ಣಗಿತ್ತೆಂದರೆ ಮೊದಲು ಅವನಿಗೆ ಅದು ಯಾರದೆಂದೇ ತಿಳಿಯಲಿಲ್ಲ.

“ನಾನು ಬೆಳಿಗ್ಗೆನೇ ಫೋನ್ ಮಾಡ್ತಿದ್ದೆ ಅವಳಿಗೆ. ಯಾವಾಗ್ಲೂ ಬೆಳಿಗ್ಗೆ. ಬಿಸಿಲಿದೆ ಅಂತ ನಾನೇ ಅಲ್ವಾ ಹೇಳಿದ್ದು... ನನ್ನ ಮಾತು ಕೇಳಿ ಅವಳು ನಿಮ್ಮನ್ನ...”

ಅವನಿಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಖುಷಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಬೆಟ್ಟದ ಆಚೆ ಬದಿಯ ಆ ಮನೆಯಲ್ಲಿ, ಒಳಗೆ ತಂದು ಸುರುವಿದ ಹಾಸಿಗೆಗಳ ನಡುವೆ ಒಬ್ಬ ಮುದುಕಿ ನಿಂತಿದ್ದಳು, ಇನ್ನು ಮೇಲೆ ಪ್ರತಿ ಬೆಳಿಗ್ಗೆ ಅವಳ ಅಂಗಳಕ್ಕೆ ಬಿಸಿಲು ಬೀಳಲಿತ್ತು. ಕಾರಿಡಾರಿನ ತುದಿಯಿಂದ ಕನ್ನಡಕದವರು ಬಂದು, ಅಂಚೆಯವನು ದಾಟುತ್ತಿದ್ದಾನೆ ನೋಡಿ ಎಂದು ಕೈಯಾಡಿಸಿ ಹೋದರು. ಅವನು ಗೋಡೆಯ ಕಡೆ ತಿರುಗಿದ.

“ಇಲ್ಲ ಅತ್ತೆ. ಆಗ ಕಡಲಲ್ಲಿ ಮಳೆ ಇರಲಿಲ್ಲ. ನಾನೇ ಸುಳ್ಳು ಹೇಳಿದ್ದು. ಅವಳನ್ನ ಕಳಿಸೋಕೆ ನನಗೆ ಮನಸ್ಸಾಗ್ಲಿಲ್ಲ. ಅವಳಿಗೆ ಗೊತ್ತಾಗಿದ್ದು ಸರಿಯಾಗೇ ಗೊತ್ತಾಗಿತ್ತು.”

ಆ ಕಡೆ ಮಳೆಯ ಸದ್ದು ಒಂದೇ ಸಮನೆ ಬರುತ್ತಿತ್ತು. ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

“ಸರಿ ಬಿಡಿ,” ಎಂದರು ಅತ್ತೆ.